ಕೊರಿಯನ್ನರಿಗೆ ರೂಟ್ ಬಿಯರ್ ಕೊಟ್ರೆ ಯಾಕೆ ಮಂಡಿಗೆ ಹಚ್ಕೋತಾರೆ?

ಪ್ರಶ್ನೆ: ಸರ್, ಮುಂದಿನ ತಿಂಗಳು ನಮ್ಮ ಆಫೀಸಿಗೆ ಕೊರಿಯಾದಿಂದ ಎಂಟು ಜನ ಬರ್ತಿದಾರೆ, ಊಟದ ಜವಾಬ್ದಾರಿ ನನ್ನ ತಲೆಗೆ ಕಟ್ಟಿದಾರೆ. ಖಾರ ಯಾಕೆ ಬೇಕು, ಹೆಚ್ಚುಕಮ್ಮಿ ಆದ್ರೆ ಕಷ್ಟ ಅಂತ ಕಾಂಟಿನೆಂಟಲ್ ಬಫೆ ಹೇಳಿದೀನಿ. ವೈಟ್ ಸಾಸ್ ಪಾಸ್ತಾ, ಚೀಸ್ ಪ್ಲ್ಯಾಟರ್, ಲ್ಯಾಂಬ್ ರೋಸ್ಟ್, ಕೊನೆಗೆ ಚಾಕ್ಲೇಟ್ ಕೇಕ್. ನನ್ ಕಲೀಗ್ ಒಬ್ಳು ಕೊರಿಯನ್ನರಿಗೆ ಇವೆಲ್ಲ ಸೇರಲ್ಲ ಅಂತಿದಾಳೆ, ಹೌದಾ? (ಬೆಂಗಳೂರು)

ಉತ್ತರ: ಖಾರ ಬೇಡ ಅಂದ್ರಲ್ಲ, ಅಲ್ಲೇ ಎಡವಿದ್ದು ನೀವು. ಬೆಳಗಾದ್ರೆ ಕಿಮ್ಚಿ ಅನ್ನೋ ಖಾರದ ಕೋಸಿನ ಉಪ್ಪಿನಕಾಯಿ, ರಾತ್ರಿ ಆದ್ರೆ ಗೊಚುಜಾಂಗ್ ಅನ್ನೋ ಮೆಣಸಿನಕಾಯಿ ಪೇಸ್ಟಲ್ಲಿ ಕುದಿಸಿದ ತೊಕ್‌ಪೊಕ್ಕಿ ಅನ್ನೋ ಅಕ್ಕಿ ಕಡುಬು ತಿನ್ನೋ ಜನ ಅವರು. ಫಾರಿನರ್ ಅಂದ ತಕ್ಷಣ ನಾವೆಲ್ಲ ಕಾಂಟಿನೆಂಟಲ್ ಅಂತೀವಿ, ಆದ್ರೆ ಫಾರಿನರ್ ಎಲ್ಲ ಒಂದೇ ಫಾರಿನ್ನಿಂದ ಬಂದಿರಲ್ವಲ್ಲ.

ನಾನು ಸಿಯೋಲ್‌ನಲ್ಲಿ ಒಂಬತ್ತು ವರ್ಷ ರೆಸ್ಟೋರೆಂಟ್ ಕಿಚನ್ನಲ್ಲಿ ಇದ್ದೋನು. ಅಲ್ಲಿ ಮೊದಲು ಕಲಿತ ಪದಗಳಲ್ಲಿ ಒಂದು ‘ನೆಕ್ಕಿಹಾದಾ’. ಡಿಕ್ಷನರೀಲಿ ಜಿಡ್ಡು, ಎಣ್ಣೆ ಅಂತ ಇರುತ್ತೆ, ಆದ್ರೆ ಸರಿಯಾದ ಅರ್ಥ ನಮ್ಮ ಕಡೆ ಮುಖ ಹೊಡೆಯೋದು ಅಂತೀವಲ್ಲ ಅದು. ಮೂರನೇ ಹೋಳಿಗೆಗೆ ತುಪ್ಪ ಬಿದ್ದಾಗ ಗಂಟಲಲ್ಲಿ ಒಂಥರಾ ಆಗಿ, ಎಲೆ ಕೊನೇಲಿರೋ ಉಪ್ಪಿನಕಾಯಿ ಕಡೆ ಕೈ ತಾನಾಗೇ ಹೋಗುತ್ತಲ್ಲ, ಅದೇ. ಕೊರಿಯನ್ನರಿಗೆ ಆ ಪಾಯಿಂಟು ಕ್ರೀಮು, ಬೆಣ್ಣೆ, ಚೀಸ್ ವಿಷಯದಲ್ಲಿ ಬಲುಬೇಗ ಬಂದ್ಬಿಡುತ್ತೆ. ಅದಕ್ಕೇ ಅಲ್ಲಿ ಪಿಜ್ಜಾ ತರಿಸಿದ್ರೆ ಜೊತೆಗೆ ಸೌತೆಕಾಯಿ ಪಿಕಲ್ ಡಬ್ಬಿ ಬರುತ್ತೆ, ಫ್ರೈಡ್ ಚಿಕನ್ ತರಿಸಿದ್ರೆ ಚೌಕಚೌಕ ಕತ್ತರಿಸಿ ವಿನೆಗರ್ ಸಕ್ಕರೇಲಿ ನೆನೆಸಿದ ಬಿಳಿ ಮೂಲಂಗಿ ಬರುತ್ತೆ. ಒಂದ್ಸಲ ನಮ್ಮಲ್ಲಿ ನಾಲ್ಕು ಜನದ ಟೇಬಲ್ಲೊಂದು ಕ್ರೀಮ್ ಪಾಸ್ತಾ ಆರ್ಡರ್ ಮಾಡಿತ್ತು, ಪ್ಲೇಟು ಅರ್ಧ ಖಾಲಿ ಆಗೋಷ್ಟರಲ್ಲಿ ಪಿಕಲ್ ಬಟ್ಟಲು ಮೂರು ಸಲ ತುಂಬಿಸಿ ಕೊಟ್ಟಿದೀನಿ, ಪಾಸ್ತಾ ಉಳೀತು ಪಿಕಲ್ ಉಳೀಲಿಲ್ಲ. ಹಾಗಾಗಿ ನಿಮ್ಮ ವೈಟ್ ಸಾಸ್ ಪಾಸ್ತಾ ಇರ್ಲಿ ಬಿಡಿ, ಪಕ್ಕದಲ್ಲಿ ಹುಳಿ ಹುಳಿಯಾಗಿ ಏನಾದ್ರೂ ಇಡಿ, ಇಲ್ಲಾಂದ್ರೆ ಎರಡು ಚಮಚಕ್ಕೇ ಸ್ಪೂನ್ ಕೆಳಗಿಡ್ತಾರೆ.

ಲ್ಯಾಂಬ್ ರೋಸ್ಟ್ ಕೈಬಿಡಿ. ಕುರಿ ಮಾಂಸದ ಆ ವಾಸನೆಗೆ ಅವರಲ್ಲಿ ಬೇರೆ ಪದವೇ ಇದೆ, ‘ನುರಿನ್ನೆ’ ಅಂತಾರೆ. ಅಲ್ಲಿ ಮೊದಲಿಂದ ಹಂದಿ, ದನ, ಕೋಳಿ, ಮೀನೇ ಜಾಸ್ತಿ, ಕುರಿ ತಿಂದು ಬೆಳೆದವರು ಕಮ್ಮಿ. ಆದ್ರೆ ಸಿಯೋಲ್‌ನ ಕೊನ್‌ಕುಕ್ ಯೂನಿವರ್ಸಿಟಿ ಹತ್ರ ಸಂಜೆ ಹೋಗಿ ನೋಡಿ, ಕುರಿ ಮಾಂಸದ ಕಡ್ಡಿ ಸುಡೋ ಅಂಗಡಿಗಳ ಬೀದಿನೇ ಇದೆ, ಕಾಲೇಜು ಹುಡುಗರು ಬಿಯರ್ ಇಟ್ಕೊಂಡು ಕೂತಿರ್ತಾರೆ. ಚೀನಾದ ಕೊರಿಯನ್ನರು ತಂದ ಅಡುಗೆ ಅದು, ಮೇಲೆ ಉದುರಿಸೋದು ಏನು ಅಂತೀರಾ, ನಮ್ ಜೀರಿಗೆ, ಮೆಣಸಿನಪುಡಿ. ರೋಸ್ಮರಿ ಹಾಕಿ ಬೇಯಿಸಿದ್ರೆ ಮೂಗು ಮುಚ್ಕೊಳ್ಳೋರು ಜೀರಿಗೆ ಹಾಕಿ ಸುಟ್ರೆ ಇನ್ನೊಂದು ಕಡ್ಡಿ ಕೊಡಿ ಅಂತಾರೆ. ನಿಮ್ಮ ಹೋಟೆಲ್ಲಲ್ಲಿ ಸೀಖ್ ಕಬಾಬ್ ಇದ್ರೆ ಅದನ್ನೇ ಇಡಿ.

ಕೇಕ್ ವಿಷಯ. ಕೊರಿಯಾದಲ್ಲಿ ಒಂದು ಸಿಹಿ ತಿಂಡಿಗೆ ಸಿಗೋ ದೊಡ್ಡ ಹೊಗಳಿಕೆ ‘ಅಷ್ಟು ಸಿಹಿ ಇಲ್ಲ, ಚೆನ್ನಾಗಿದೆ’ ಅನ್ನೋದು. ನಮ್ಮೂರಲ್ಲಿ ಮೈಸೂರ್‌ಪಾಕ್ ಬಗ್ಗೆ ಯಾರಾದ್ರೂ ಹಂಗಂದ್ರೆ ಅಂಗಡಿಯವನು ಜಗಳಕ್ಕೇ ಬರ್ತಾನೆ. ಅಮೆರಿಕನ್ ಕಪ್‌ಕೇಕ್ ಮೇಲಿನ ಬಟರ್ ಫ್ರಾಸ್ಟಿಂಗ್ ಕಂಡ್ರೆ ತುಂಬ ಜನ ಅದನ್ನ ಫೋರ್ಕಲ್ಲಿ ಕೆರೆದು ಪಕ್ಕಕ್ಕಿಡ್ತಾರೆ, ಅವರ ಬೇಕರಿ ಕೇಕಲ್ಲಿ ಇರೋದು ಹಗುರವಾದ ಹಾಲಿನ ಕ್ರೀಮು ಮತ್ತೆ ಹಣ್ಣು. ಹಂಗಂತ ಸಿಹಿ ಕಂಡ್ರೆ ಆಗಲ್ಲ ಅನ್ಕೋಬೇಡಿ, ಕಡ್ಡಿಗೆ ಚುಚ್ಚಿ ಕರಿದ ಸಾಸೇಜ್ ಕಾರ್ನ್ ಡಾಗ್ ಮೇಲೆ ಸಕ್ಕರೆ ಉದುರಿಸ್ತಾರೆ, ಪಿಜ್ಜಾ ಮೇಲೆ ಸಿಹಿಗೆಣಸು ಹಿಸುಕಿ ಹಾಕ್ತಾರೆ, ಗಾರ್ಲಿಕ್ ಬ್ರೆಡ್ಡೂ ಸಿಹಿ! ಎಲ್ಲಿ ಸಿಹಿ ಇರ್ಬೇಕು ಅನ್ನೋ ಲೆಕ್ಕ ಬೇರೆ ಅಷ್ಟೇ. ಊಟ ಆದ್ಮೇಲೆ ಐಸ್ ಹಾಕಿದ ಬ್ಲ್ಯಾಕ್ ಕಾಫಿ ಕೊಟ್ಬಿಡಿ, ಸಕ್ಕರೆ ಬೇಡ. ಚಳಿಗೆ ಸತ್ರೂ ಸರಿ ಐಸ್ ಅಮೆರಿಕಾನೋನೇ ಬೇಕು ಅಂತ ಅವರಲ್ಲಿ ಒಂದು ಮಾತೇ ಇದೆ.

ಪ್ರಶ್ನೆ: ಅಣ್ಣಾ, ನಾನು ಕೊರಿಯಾದ ದೇಜಾನ್‌ನಲ್ಲಿ ಪಿಎಚ್‌ಡಿ ಮಾಡ್ತಿದೀನಿ. ಕಾನ್ಫರೆನ್ಸ್‌ಗೆ ಅಮೆರಿಕಾ ಹೋದಾಗ ಲ್ಯಾಬಿನವರಿಗೆ ಅಂತ ಕಪ್ಪು ಲಿಕರಿಸ್ ಕ್ಯಾಂಡಿ, ರೂಟ್ ಬಿಯರ್ ಕ್ಯಾನ್ ತಂದೆ. ಎಲ್ರೂ ಒಂದೊಂದು ಗುಟುಕು ಕುಡಿದು ಥ್ಯಾಂಕ್ಯೂ ಅಂದು ಮೆಲ್ಲಗೆ ಹೋದ್ರು, ಕ್ಯಾಂಡಿ ಪ್ಯಾಕೆಟ್ ಇನ್ನೂ ಹಂಗೇ ಬಿದ್ದಿದೆ. ನಾನೇನಾದ್ರೂ ತಪ್ಪು ಮಾಡಿದ್ನಾ? (ಹಾಸನದ ಹುಡುಗ)

ಉತ್ತರ: ತಪ್ಪೇನಿಲ್ಲ ತಮ್ಮಾ, ನೀನು ಅವರಿಗೆ ಔಷಧಿ ತಂದುಕೊಟ್ಟಿದೀಯ ಅಷ್ಟೇ!

ಲಿಕರಿಸ್ ಅಂದ್ರೆ ನಮ್ಮ ಜ್ಯೇಷ್ಠಮಧು. ಕೊರಿಯನ್ನಲ್ಲಿ ಅದು ‘ಗಾಮ್‌ಚೋ’, ಅವರ ನಾಟಿ ಔಷಧಿ ಕಷಾಯಗಳಲ್ಲಿ ಹೆಚ್ಚೂಕಮ್ಮಿ ಎಲ್ಲದರಲ್ಲೂ ಬೀಳುತ್ತೆ, ಎಷ್ಟರಮಟ್ಟಿಗೆ ಅಂದ್ರೆ ಎಲ್ಲ ಕಡೆ ತಲೆ ಹಾಕೋ ಮನುಷ್ಯನನ್ನ ‘ಔಷಧಿ ಅಂಗಡಿ ಗಾಮ್‌ಚೋ’ ಅಂತಾರೆ. ಚಿಕ್ಕವರಿದ್ದಾಗ ಅಮ್ಮ ಮೂಗು ಹಿಡಿದು ಕುಡಿಸಿದ ಕಪ್ಪು ಕಷಾಯದ ನೆನಪು ಅದು. ಕೆಮ್ಮು ಬಂದಾಗ ನಮ್ಮಜ್ಜಿ ಜ್ಯೇಷ್ಠಮಧು ಬೇರು ಅಗಿಯೋಕೆ ಕೊಡ್ತಿದ್ರು, ಅದನ್ನ ಯಾರಾದ್ರೂ ಬರ್ತ್‌ಡೇ ಪಾರ್ಟೀಲಿ ಚಾಕ್ಲೇಟ್ ಅಂತ ಹಂಚಿದ್ರೆ ಹೆಂಗಿರುತ್ತೆ ಹೇಳು.

ರೂಟ್ ಬಿಯರ್ ಕಥೆ ಇನ್ನೂ ಮಜಾ. ಬಿಯರ್ ಅಂತ ಹೆಸರು, ಸಾಮಾನ್ಯವಾಗಿ ಒಳಗೆ ಹೆಂಡ ಇರಲ್ಲ, ಅಮೆರಿಕಾದವರ ಸಿಹಿ ಸೋಡಾ ಅದು. ಮೊದಲು ಅದಕ್ಕೆ ಸ್ಯಾಸಫ್ರಸ್ ಅನ್ನೋ ಮರದ ಬೇರಿನ ತೊಗಟೆ ಹಾಕ್ತಿದ್ರು, ಅದರಲ್ಲಿರೋ ಸ್ಯಾಫ್ರೋಲ್ ಆಹಾರಕ್ಕೆ ಹಾಕಬಾರದು ಅಂತ ಅಮೆರಿಕಾ 1960ರಲ್ಲಿ ನಿಷೇಧ ಮಾಡ್ತು, ಈಗ ಬರೋ ಪರಿಮಳದಲ್ಲಿ ವಿಂಟರ್‌ಗ್ರೀನ್ ಅನ್ನೋ ಗಿಡದ ಎಣ್ಣೆ ಥರದ್ದು ಮುಖ್ಯ. ಆ ಎಣ್ಣೇಲಿ ಇರೋದು ಮುಖ್ಯವಾಗಿ ಮೀಥೈಲ್ ಸ್ಯಾಲಿಸಿಲೇಟ್ ಅನ್ನೋ ರಾಸಾಯನಿಕ. ಕೊರಿಯಾದ ಮನೆಮನೇಲೂ ಇರೋ ‘ಮುಲ್‌ಪಾಸ್’ ಅನ್ನೋ ನೋವಿನ ದ್ರಾವಣದಲ್ಲಿ ಇರೋದೂ ಅದೇ, ನಮ್ಮ ಮೂವ್‌ನಲ್ಲಿ ಇರೋದೂ ಅದೇ. ನಮ್ಮ ಕಿಚನ್ನಲ್ಲಿ ಪಾತ್ರೆ ತೊಳೆಯೋಕೆ ಒಬ್ರು ವಯಸ್ಸಾದ ಹೆಂಗಸಿದ್ರು, ಎಲ್ರೂ ಇಮೋ ಅಂತಿದ್ವಿ, ಅಂದ್ರೆ ತಾಯಿ ಕಡೆ ಚಿಕ್ಕಮ್ಮ. ಯಾರೋ ತಂದ ರೂಟ್ ಬಿಯರ್ ಒಂದು ಲೋಟ ಅವರಿಗೂ ಕೊಟ್ಟೆ. ಮೂಸಿ ನೋಡಿದ್ರು, ನನ್ ಮುಖ ನೋಡಿದ್ರು, ಎರಡು ಬೆರಳು ಅದ್ದಿ ಮಂಡಿಗೆ ತಿಕ್ಕೊಂಡು ‘ಹಾಂ, ಈಗ ಪರವಾಗಿಲ್ಲ’ ಅಂದ್ರು. ಇಡೀ ಕಿಚನ್ ಬಿದ್ದು ಬಿದ್ದು ನಕ್ತು, ನಾನೂ ಒಂದು ಗುಟುಕು ಕುಡಿದೆ, ನಂಗೂ ಕ್ರಿಕೆಟ್ ಆಡಿ ಕಾಲು ಉಳುಕಿಸ್ಕೊಂಡಿದ್ದೇ ನೆನಪಾಯ್ತು. ಅಮೆರಿಕಾದವರಿಗೆ ಮಾತ್ರ ಆ ವಾಸನೆ ಅಂದ್ರೆ ಬೇಸಿಗೆ ರಜೆ, ವೆನಿಲಾ ಐಸ್‌ಕ್ರೀಮು. ನಾಲಿಗೆ ಎಲ್ರದ್ದೂ ಒಂದೇ, ಮೂಗು ಯಾವ ಡಬ್ಬಿ ತೆಗೆದು ನೆನಪು ಕೊಡುತ್ತೆ ಅನ್ನೋದ್ರಲ್ಲಿ ವ್ಯತ್ಯಾಸ.

ಉತ್ತರ ಯೂರೋಪಿನ ಉಪ್ಪು ಲಿಕರಿಸ್ ಅಂತೂ ತರ್ಲೇಬೇಡ, ಅದರಲ್ಲಿ ಅಮೋನಿಯಂ ಕ್ಲೋರೈಡ್ ಇರುತ್ತೆ. ತಮಾಷೆ ಏನಂದ್ರೆ ಕೊರಿಯಾದ ನೈಋತ್ಯದ ಚೊಲ್ಲಾ ಕಡೆಯವರು ಹೊಂಗೊ ಅಂತ ಕೊಳೆಸಿದ ತೊರಕೆ ಮೀನು ತಿಂತಾರೆ, ಅದರ ಅಮೋನಿಯಾ ಮೂಗಿಗೆ ಬಡಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಅವರ ಮದುವೆ ಮನೇಲಿ ಅದು ಇರ್ಲೇಬೇಕು. ಮೀನಲ್ಲಿದ್ರೆ ಹಬ್ಬ, ಕ್ಯಾಂಡೀಲಿದ್ರೆ ಶಿಕ್ಷೆ.

ಪ್ರಶ್ನೆ: ಮಿಂಟ್ ಚಾಕ್ಲೇಟ್ ಬಗ್ಗೆ ಕೊರಿಯನ್ ಶೋಗಳಲ್ಲಿ ಯಾಕೆ ಅಷ್ಟು ಕಿತ್ತಾಡ್ತಾರೆ? (ದಾವಣಗೆರೆ)

ಉತ್ತರ: ಟೂತ್‌ಪೇಸ್ಟ್. ವಿರೋಧಿಗಳ ವಾದ ಅಷ್ಟೇ, ಹಲ್ಲುಜ್ಜಿ ಬಾಯಿ ತೊಳೀದೇ ಚಾಕ್ಲೇಟ್ ತಿಂದಂಗಿದೆ ಅಂತ. ಮಿಂಟ್ ಚಾಕ್ಲೇಟನ್ನ ಅವರು ಚಿಕ್ಕದಾಗಿ ಮಿನ್‌ಚೋ ಅಂತಾರೆ, ಇಷ್ಟಪಡೋರು ‘ಮಿನ್‌ಚೋ ದಳ’, ಆಗದೋರು ‘ವಿರೋಧಿ ದಳ’. ಆದ್ರೆ ಈ ಜಗಳದಿಂದ ವ್ಯಾಪಾರ ಜೋರಾಯ್ತು, 2021ರಲ್ಲಿ ಸೋಜು ಅನ್ನೋ ಅವರ ಹೆಂಡದಲ್ಲೂ ಮಿಂಟ್ ಚಾಕ್ಲೇಟ್ ರುಚಿಯದ್ದು ಬಂತು. ನನ್ನ ಓಟು ವಿರೋಧಿ ದಳಕ್ಕೆ.

ಪ್ರಶ್ನೆ: ಕೊರಿಯನ್ನರಿಗೆ ಚೀಸ್ ಆಗಲ್ಲ ಅಂತೀರಿ, ಡ್ರಾಮಾ ನೋಡಿದ್ರೆ ನೂಡಲ್ಸ್‌ಗೂ ಚೀಸ್, ಕೋಳಿಗೂ ಚೀಸ್! ಯಾವುದನ್ನ ನಂಬೋದು? (ಉಡುಪಿ)

ಉತ್ತರ: ಎರಡನ್ನೂ ನಂಬಿ. ಅವರಿಗೆ ಬೇಕಾಗಿರೋದು ಎಳೆದ್ರೆ ದಾರದಂಗೆ ಬರೋ, ವಾಸನೆ ಇಲ್ಲದ ಮೊಜ್ಜರೆಲ್ಲಾ ಮತ್ತೆ ಪ್ಲಾಸ್ಟಿಕ್ಕಲ್ಲಿ ಸುತ್ತಿದ ಸ್ಲೈಸು, ಖಾರದ ಮೇಲೆ ಅದನ್ನ ಕರಗಿಸಿದ್ರೆ ಉರಿ ತಣಿಯುತ್ತೆ. ಬ್ಲೂ ಚೀಸು, ಮೇಕೆ ಹಾಲಿನ ಚೀಸು ಅಂದ್ರೆ ಸಾಕ್ಸಿನ ವಾಸನೆ ಅಂತ ಮುಖ ಸಿಂಡರಿಸ್ತಾರೆ, ಇವರೇ ಚಾಂಗ್‌ಗುಕ್‌ಜಾಂಗ್ ಅನ್ನೋ ಸೋಯಾ ಸಾರು ಕುದಿಸಿದ್ರೆ ಹಾಕಿದ ಜಾಕೆಟ್ಟನ್ನ ಒಗೀಬೇಕು, ಆದ್ರೆ ಅದು ಮನೆ ವಾಸನೆ ನೋಡಿ. ಬ್ಲೂ ಚೀಸ್ ಪೂರ್ತಿ ದೂರವೂ ಅಲ್ಲ, ಆ ಜಾತಿಯದ್ದೇ ಆದ ಗೊರ್ಗೊನ್ಜೋಲಾ ಚೀಸ್ ಹಾಕಿದ ಪಿಜ್ಜಾ ಅಂತ ಹಪ್ಪಳದಂಗೆ ತೆಳ್ಳಗಿರೋದು ಎಷ್ಟೋ ಪಾಸ್ತಾ ಅಂಗಡೀಲಿ ಸಿಗುತ್ತೆ. ಚೀಸ್ ಸ್ವಲ್ಪವೇ ಸ್ವಲ್ಪ, ಪಕ್ಕದಲ್ಲಿ ಒಂದು ಬಟ್ಟಲು ಜೇನುತುಪ್ಪ, ಅದ್ದಿ ತಿನ್ನೋದು.

ಅಲ್ಲಿ ಚೀಸ್ ಶುರು ಮಾಡಿದ್ದೇ ಒಬ್ಬ ಹೊರಗಿನವರು. ದಿದಿಯೆ ಸೆರ್‌ಸ್ಟೀವನ್ಸ್ ಅಂತ ಬೆಲ್ಜಿಯಂನ ಪಾದ್ರಿ, 1959ರಲ್ಲಿ ಕೊರಿಯಾಕ್ಕೆ ಬಂದು 1964ರಲ್ಲಿ ಇಮ್ಸಿಲ್ ಅನ್ನೋ ಬಡ ಊರಿಗೆ ಹೋದ್ರು. ರೈತರಿಗೆ ಆದಾಯ ಆಗ್ಲಿ ಅಂತ ಮೇಕೆ ಸಾಕಿಸಿದ್ರು, ಹಾಲು ಕೊಳ್ಳೋರು ಸಾಲ್ದೇ ಉಳೀತು, ಉಳಿದದ್ದನ್ನ ಚೀಸ್ ಮಾಡೋಣ ಅಂದ್ರು, ವರ್ಷಗಟ್ಟಲೆ ಕೆಟ್ಟು ಕೆಟ್ಟು ಕೊನೆಗೆ ಯೂರೋಪಿಗೆ ಹೋಗಿ ಕಲ್ತು ಬಂದ್ರು. ಮೊದಲು ತಗೊಂಡಿದ್ದು ಸಿಯೋಲ್‌ನ ದೊಡ್ಡ ಹೋಟೆಲ್ಲುಗಳು, ಊರಿನವರಲ್ಲ. ಆಮೇಲೆ ಪಿಜ್ಜಾ ಬಂತು, ಕಥೆ ಬದಲಾಯ್ತು. ಇವತ್ತು ಇಮ್ಸಿಲ್‌ನಲ್ಲಿ ಚೀಸ್ ಥೀಮ್ ಪಾರ್ಕ್ ಇದೆ, ಆ ಪಾದ್ರಿ 2019ರಲ್ಲಿ ಅಲ್ಲೇ ಕೊರಿಯಾದಲ್ಲೇ ತೀರ್ಕೊಂಡ್ರು.

ಬೆಂಗಳೂರಿನವರಿಗೆ ಒಂದು ಮಾತು ಹೇಳೋದು ಮರೆತೆ. ಕಬಾಬ್ ಮೇಲೆ ಕೊತ್ತಂಬರಿ ಸೊಪ್ಪು ಉದುರಿಸ್ಬೇಡಿ ಅಂತ ಹೋಟೆಲ್‌ನವರಿಗೆ ಮೊದಲೇ ಹೇಳಿ, ಬೇರೆ ಬಟ್ಟಲಲ್ಲಿ ಇಡಿಸಿ. ತುಂಬಾ ಕೊರಿಯನ್ನರಿಗೆ ಅದು ಸೋಪಿನ ವಾಸನೆ, ಹಳೆಯವರಿಗೆ ತಿಗಣೆ ವಾಸನೆ. ಎಂಟು ಜನದಲ್ಲಿ ಒಬ್ರೋ ಇಬ್ರೋ ಇಷ್ಟಪಡೋರು ಇದ್ರೆ ತಾವೇ ಹಾಕ್ಕೋತಾರೆ.