ಮೇ ತಿಂಗಳಲ್ಲಿ ಹುಬ್ಬಳ್ಳಿ ಬಳಿಯ ರೆಸಾರ್ಟಿನಲ್ಲಿ ಗೆಳೆಯನ ಮದುವೆ. ಅದೇ ನೆಪದಲ್ಲಿ ಒಂದೆರಡು ದಿನ ಕಾಡು ಸುತ್ತಬಹುದೇ?

ಧಾರಾಳವಾಗಿ ಸುತ್ತಬಹುದು. ಆದರೆ ಬೆಂಗಳೂರಿನಿಂದ ಬಂದು ಮದುವೆ ಮುಗಿಸಿ, ಆಮೇಲೆ ಟೆಂಟ್ ಹೊತ್ತು ಕಾಡಿಗೆ ಹೋಗುವುದೆಂದು ಬರೆದಿದ್ದೀರಲ್ಲ, ಅದನ್ನು ತಿರುವುಮುರುವು ಮಾಡಿಕೊಳ್ಳಿ. ಕಾಡು ಮುಗಿಸಿಕೊಂಡು ಮದುವೆಗೆ ಬನ್ನಿ.

ನಮ್ಮ ಕಡೆಯ ಮದುವೆಯೆಂದರೆ ಅಕ್ಕಿಕಾಳು ಹಾಕಿ, ಉಂಡು, ಕೈತೊಳೆದು ಹೊರಡುವ ವ್ಯವಹಾರವಲ್ಲ. ಗೋಧಿ ಹುಗ್ಗಿಗೆ ತುಪ್ಪ ಸುರಿಯುತ್ತ 'ಇನ್ನೊಂದು ಸೌಟು' ಎಂದು ನಿಲ್ಲುವ ಹಿರಿಯರಿಂದ ಪಾರಾದವರನ್ನು ನಾನು ಕಂಡಿಲ್ಲ. ರೆಸಾರ್ಟ್ ಮದುವೆ ಎಂದಮೇಲೆ ಹಿಂದಿನ ರಾತ್ರಿಯ ಕುಣಿತ ಬೇರೆ. ನಿದ್ದೆಗೆಟ್ಟು ಹೊಟ್ಟೆ ಭಾರವಾದವರು ಮರುದಿನ ನಸುಕಿಗೇ ಎದ್ದು ಗುಡ್ಡ ಹತ್ತುವುದೆಲ್ಲ ಬರೀ ಮಾತು. ಮೇ ತಿಂಗಳಲ್ಲಿ ಬಿಸಿಲು ಏರಿದ ಮೇಲೆ ಎದ್ದರೆ ಆ ದಿನದ ಕಾಡು ಕೈಬಿಟ್ಟಂತೆಯೇ. ಇನ್ನೂ ಒಂದು ಅಪಾಯವಿದೆ. ಮದುವೆ ಮನೆಯಲ್ಲಿ ನಿಮ್ಮ ಯೋಜನೆಯನ್ನು ಬಾಯಿಬಿಟ್ಟರೆ 'ನಾವೂ ಬರುತ್ತೇವೆ' ಎನ್ನುವವರು ಒಂದು ಟೆಂಪೊ ತುಂಬುವಷ್ಟು ಹುಟ್ಟಿಕೊಳ್ಳುತ್ತಾರೆ. ಮದುಮಗನ ಚಿಕ್ಕಪ್ಪನ ಮಕ್ಕಳು ಸ್ಪೀಕರ್ ಹಿಡಿದು ಬಂದರೆ ಯಾವ ಪ್ರಾಣಿಯೂ ಕಾಣಿಸಿಕೊಳ್ಳುವುದಿಲ್ಲ.

ಎಲ್ಲಿಗೆ ಎಂಬ ಪ್ರಶ್ನೆಗೆ ಎಲ್ಲರೂ ದಾಂಡೇಲಿ ಎನ್ನುತ್ತಾರೆ. ತಪ್ಪೇನಿಲ್ಲ. ಧಾರವಾಡದಿಂದ ಹಳಿಯಾಳದ ಮೇಲೆ ಹೋದರೆ ಐವತ್ತೈದು ಕಿಲೋಮೀಟರಿನ ಆಸುಪಾಸು. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮಂಗಟ್ಟೆ ಹಕ್ಕಿಗಳು, ಸೂಪಾ ಅಣೆಕಟ್ಟೆಯ ನೀರು ಬಿಟ್ಟಾಗ ಗಣೇಶಗುಡಿಯಲ್ಲಿ ರಾಫ್ಟಿಂಗ್. ಆದರೆ ಮೇ ತಿಂಗಳೆಂದರೆ ಶಾಲೆಯ ರಜೆ, ಊರಿಗೆ ಊರೇ ಅಲ್ಲಿರುತ್ತದೆ. ಮಲೆನಾಡಿನ ಹಸಿರು ಕಾಡನ್ನು ಬೆಂಗಳೂರಿನವರು ಹೇಗೂ ನೋಡಿಯೇ ಇರುತ್ತೀರಿ. ಬಯಲುಸೀಮೆಯ ಕಾಡನ್ನು ನೋಡಿದವರು ಕಡಿಮೆ. ನಾನು ಗದಗದವನು, ಪಕ್ಷಪಾತ ಇದ್ದೇ ಇದೆ.

ಹುಬ್ಬಳ್ಳಿಯಲ್ಲಿ ಇಳಿಯದೆ ನೇರ ಗದಗಕ್ಕೆ ಬನ್ನಿ, ರೈಲೂ ಇದೆ, ರಾತ್ರಿ ಬಸ್ಸೂ ಇದೆ. ಬಿಂಕದಕಟ್ಟಿಯ ಬಳಿ ತಲೆಯೆತ್ತುವ ಕಪ್ಪತಗುಡ್ಡ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಬಳಿ ತುಂಗಭದ್ರೆಯ ದಂಡೆ ಮುಟ್ಟುವವರೆಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಚಾಚಿಕೊಂಡಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ. ಅದರ ಒಡಲಲ್ಲಿ ಕಬ್ಬಿಣವೂ ಇದೆ, ಚಿನ್ನವೂ ಇದೆ. ಹಾಗಾಗಿಯೇ ಅದಕ್ಕೆ ನೆಮ್ಮದಿಯಿಲ್ಲ. 2016ರಲ್ಲಿ ಸರ್ಕಾರ ಇದರ ಸಂರಕ್ಷಿತ ಸ್ಥಾನವನ್ನು ಹಿಂತೆಗೆದುಕೊಂಡಾಗ ಗದಗದ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ಊರೂರಿನ ಜನ ಬೀದಿಗಿಳಿದರು. ಮರುವರ್ಷ ಆ ಸ್ಥಾನ ಮರಳಿತು, 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಗುಡ್ಡದ ಬುಡದ ಹಳ್ಳಿಗಳಲ್ಲಿ ಯಾರಾದರೂ 'ಎಲ್ಲಿಂದ ಬಂದಿರಿ, ಯಾತಕ್ಕೆ ಬಂದಿರಿ' ಎಂದು ಕೇಳಿದರೆ ಮುಖ ಸಿಂಡರಿಸಬೇಡಿ. ಅಷ್ಟು ಹೋರಾಡಿ ಉಳಿಸಿಕೊಂಡವರು ಕೇಳಲೇಬೇಕು. ಮದುವೆಗೆ ಬಂದವರು ಎಂದರೆ ಚಹಾ ಸಿಗುವ ಸಂಭವವೇ ಹೆಚ್ಚು.

ಟೆಂಟ್ ತರಬೇಡಿ. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದೂ ಬೆಂಕಿ ಹಚ್ಚುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗದಗದಲ್ಲಿಯೋ ಮುಂಡರಗಿಯಲ್ಲಿಯೋ ಲಾಡ್ಜ್ ಹಿಡಿಯಿರಿ, ಅರಣ್ಯ ಇಲಾಖೆಯ ಕಚೇರಿಯಲ್ಲಿ ಮುಂಚಿತವಾಗಿ ಕೇಳಿಕೊಳ್ಳಿ, ಜೊತೆಗೆ ಸಿಬ್ಬಂದಿಯೊಬ್ಬರು ಸಿಕ್ಕರೆ ಅದೇ ದೊಡ್ಡ ಲಾಭ. ಮೇ ತಿಂಗಳಲ್ಲಿ ಗುಡ್ಡದ ಹುಲ್ಲು ಕಡ್ಡಿಯಂತೆ ಒಣಗಿರುತ್ತದೆ, ಎಸೆದ ಒಂದು ಬೀಡಿ ಸಾಕು, ಇಡೀ ಇಳಿಜಾರು ಕಪ್ಪಾಗುತ್ತದೆ.

ಏನು ಕಾಣುತ್ತದೆ? ಮರಗಳಲ್ಲಿ ಎಲೆ ಅಷ್ಟಕ್ಕಷ್ಟೇ. ಕೆಂಪು ಕಲ್ಲು, ಕುರುಚಲು, ನೆತ್ತಿಯ ಮೇಲೆ ಸಾಲುಸಾಲು ಗಾಳಿಯಂತ್ರಗಳ ಗುಂಯ್ ಸದ್ದು. ಇಷ್ಟೇಯೇ ಎಂದು ಮೊದಲ ಅರ್ಧ ಗಂಟೆ ಅನ್ನಿಸುತ್ತದೆ. ಇಲ್ಲಿ ತೋಳ, ಕತ್ತೆಕಿರುಬ, ಚಿರತೆ, ನರಿಗಳಿವೆ, ಆದರೆ ಅವು ನಿಮಗೆ ದರ್ಶನ ಕೊಡುತ್ತವೆಂದು ಬರಬೇಡಿ. ಕುರುಹು ನೋಡಲು ಬನ್ನಿ. ಕಾಲುದಾರಿಯ ಪಕ್ಕದಲ್ಲಿ ಒಣಗಿ ಬೆಳ್ಳಗಾದ, ಬೆರಳಲ್ಲಿ ಒತ್ತಿದರೆ ಪುಡಿಪುಡಿಯಾಗುವ ಹಿಕ್ಕೆ ಕಂಡರೆ ಅದು ಕತ್ತೆಕಿರುಬದ್ದಿರಬಹುದು. ಎಲುಬನ್ನೂ ಅಗಿದು ಅರಗಿಸಿಕೊಳ್ಳುವ ಪ್ರಾಣಿ, ಆ ಸುಣ್ಣದ ಅಂಶವೇ ಬಿಳಿ ಬಣ್ಣವಾಗಿ ಹೊರಬರುತ್ತದೆ. ಬೇಸಿಗೆಗೆ ಒಂದು ಅನುಕೂಲವೂ ಇದೆ. ನೀರು ಉಳಿದಿರುವುದು ಕೆಲವೇ ಕಡೆ, ಎಲ್ಲವೂ ಅಲ್ಲಿಗೇ ಬರಬೇಕು. ಕೆಸರು ಆರಿದ ಅಂಚಿನಲ್ಲಿ ಯಾರು ಯಾರ ಹಿಂದೆ ಬಂದು ಹೋದರೆಂಬುದು ಗೊರಸಿನ, ಪಂಜದ ಗುರುತುಗಳಲ್ಲಿ ಉಳಿದಿರುತ್ತದೆ. ದೂರದಿಂದಲೇ ನೋಡಿ ಬನ್ನಿ, ನೀರಿನ ಬಳಿ ಠಿಕಾಣಿ ಹೂಡಿದರೆ ಬಾಯಾರಿದವು ಹಿಂದಿರುಗುತ್ತವೆ.

ಬಿಸಿಲು ಚುರುಗುಟ್ಟುವ ಮೊದಲೇ ಕೆಳಗಿಳಿಯಿರಿ. ತಲೆಗೆ ಟೋಪಿಗಿಂತ ಒದ್ದೆ ಟವೆಲ್ ಮೇಲು. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ, ಯಾವ ಬಿಸಿಲಿಗೂ ಕೆಡುವುದಿಲ್ಲ. ತಿಂಗಳ ನಡುವೆ ಕೃತ್ತಿಕೆ ಮಳೆಯ ಕಾಲ. ಮಧ್ಯಾಹ್ನದವರೆಗೆ ಕೆಂಡದಂತಿದ್ದ ಆಕಾಶ ಸಂಜೆಗೆ ಗುಡುಗುತ್ತದೆ. ಮೋಡ ಕವಿದರೆ ಗುಡ್ಡದ ನೆತ್ತಿಯಲ್ಲಿ, ಗಾಳಿಯಂತ್ರದ ಬುಡದಲ್ಲಿ ಸೆಲ್ಫಿಗೆ ನಿಲ್ಲಬೇಡಿ.

ಅಂದೇ ಸಂಜೆ ಹುಬ್ಬಳ್ಳಿಗೆ ಬಂದರೆ ಸ್ನಾನ ಮಾಡಿ ಅರಿಶಿನ ಶಾಸ್ತ್ರಕ್ಕೆ ಕೂರಬಹುದು.

ಮದುವೆಯ ಮರುದಿನಕ್ಕೆ ಗುಡ್ಡ ಬೇಡ, ಬೆಂಗಳೂರಿನ ದಾರಿಯಲ್ಲೇ ಇರುವ ಎರಡು ಜಾಗ ಸಾಕು. ಕಾರಿದ್ದರೆ ಹೆದ್ದಾರಿಯಿಂದ ತುಸು ಒಳಗೆ ಬಂಕಾಪುರದ ಕೋಟೆ. ಹಾಳುಬಿದ್ದ ಕಂದಕದ ಪೊದೆಗಳಲ್ಲಿ ನವಿಲುಗಳಿವೆ, ಮೇ ತಿಂಗಳಲ್ಲಿ ಗಂಡುಗಳ ಗರಿ ತುಂಬಿರುತ್ತದೆ. ಕೋಟೆಯೊಳಗೇ 66 ಕಂಬಗಳ ನಗರೇಶ್ವರ ಗುಡಿ ಇದೆ, ಬಿಸಿಲಿಗೆ ಅದಕ್ಕಿಂತ ತಂಪಾದ ನೆರಳು ಆ ಸುತ್ತಿನಲ್ಲಿಲ್ಲ.

ಇನ್ನೊಂದು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. 1974ರಲ್ಲಿ ಘೋಷಿಸಿದ್ದು, 119 ಚದರ ಕಿಲೋಮೀಟರ್. ಇಲ್ಲಿ ಮಾತ್ರ ನಿರಾಸೆಯ ಭಯ ಕಡಿಮೆ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಬಳೆ, ತಿರುಚಿದ ಕೊಂಬು. ಹಿಂಡು ಬೆದರಿತೆಂದರೆ ಮೊದಲಿನದು ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ, ಹಿಂದಿನವೂ ಒಂದರ ಹಿಂದೊಂದು ನೆಗೆಯುತ್ತ ಓಡುತ್ತವೆ; ದಾರಿಯಲ್ಲಿ ಅಡ್ಡ ಏನೂ ಇರುವುದಿಲ್ಲ! ಒಂದು ಕಾಲಕ್ಕೆ ಇಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಇತ್ತು. ಅದಕ್ಕೆ ಬೇಕಾದದ್ದು ಬಯಲು. ನಾವು ಬಯಲಿಗೆ ನೀಲಗಿರಿ ನೆಟ್ಟು ಕಾಡು ಬೆಳೆಸಿದೆವು ಎಂದುಕೊಂಡೆವು.

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ನೋಡಿ ಆಸೆಪಟ್ಟಿದ್ದರೆ ಈ ಸಲ ಬಿಟ್ಟುಬಿಡಿ, ಅವು ಚಳಿಗಾಲದ ಅತಿಥಿಗಳು. ರಾಣೆಬೆನ್ನೂರಿನಲ್ಲಿ ಬೆಂಗಳೂರಿನ ರೈಲುಗಳು ನಿಲ್ಲುತ್ತವೆ, ಟಿಕೆಟನ್ನು ಹುಬ್ಬಳ್ಳಿಯಿಂದಲ್ಲದೆ ಅಲ್ಲಿಂದಲೇ ಕಾದಿರಿಸಿ. ರೇಷ್ಮೆ ಬಟ್ಟೆಯ ಪೆಟ್ಟಿಗೆಯನ್ನು ಕಾರಿನಲ್ಲಿ ಹೋಗುವ ಯಾರಾದರೂ ನೆಂಟರ ಕೈಗೆ ಕೊಟ್ಟುಬಿಡಿ.