ಪುಸ್ತಕದ ಪ್ರಕಾರ ಸರಿ ಇದ್ದರೂ ಜಗಳ ಯಾಕಾಯಿತು?

ಹೆಸರು, ಕೆಲಸ, ಓಣಿ ಎಲ್ಲ ಬದಲಾಯಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

ವಿನಯ ಅಂತ ಕರೆಯೋಣ. ವಯಸ್ಸು 26, ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ನಿದ್ದೆ ಬರುತ್ತಿಲ್ಲ, ಆಫೀಸಿಗೆ ಹೋಗಲು ಕಾಲೇ ಏಳುವುದಿಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದಿದ್ದ. ಕಾರಣ ಹೇಳಲು ಮುಜುಗರ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ: "ಒಂದು ಆಟದಾಗ ಜಗಳ ಆಗೇತ್ರೀ ಮೇಡಂ. ಕೇಳೋರಿಗೆ ಸಣ್ಣದು ಅನಸ್ತೈತಿ. ಆದ್ರ ಅಣ್ಣ ಮಾತ ಬಿಟ್ಟಾನ."

ಆಟ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ತಂದ ಆಟ. ಡಿಎಂ (ಡಂಜನ್ ಮಾಸ್ಟರ್) ಅನ್ನಿಸಿಕೊಳ್ಳುವವನು ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು ಅದು ಏನು ಮಾಡುತ್ತೆ ಅಂತ ಬಾಯಲ್ಲಿ ಹೇಳುತ್ತಾರೆ, ಆಗುತ್ತೋ ಇಲ್ಲವೋ ಅನ್ನುವುದನ್ನು ಬಹಳ ಸಲ ಇಪ್ಪತ್ತು ಮುಖದ ಡೈಸ್ ತೀರ್ಮಾನಿಸುತ್ತೆ. ಒಂದೇ ಪಾತ್ರವನ್ನು ವರ್ಷಗಟ್ಟಲೆ ಆಡುವವರಿದ್ದಾರೆ. ಅದು ಸತ್ತರೆ ನಿಜವಾಗಿಯೂ ಸಂಕಟ ಆಗುತ್ತೆ, ಇದನ್ನು ಹುಡುಗಾಟ ಅಂತ ಯಾರೂ ತಳ್ಳಿಹಾಕಬಾರದು.

ಗುಂಪು ಭಾನುವಾರ ವಿದ್ಯಾನಗರದ ಒಂದು ಮನೆಯಲ್ಲಿ ಸೇರುತ್ತಿತ್ತು, ಅರ್ಧ ಜನ ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದರು. ವಿನಯ ಡಿಎಂ. ಅಣ್ಣ ಅಂದರೆ ಒಡಹುಟ್ಟಿದವನಲ್ಲ, ಕಾಲೇಜಿನ ಸೀನಿಯರ್. ಈಗಿನ ಕೆಲಸಕ್ಕೆ ವಿನಯನನ್ನು ಸೇರಿಸಿದವನೂ ಅವನೇ. ಈ ಋಣ ಪ್ರತಿ ಭಾನುವಾರ ಆಟದ ಮೇಜಿನ ಹತ್ತಿರ ಬಂದು ಕೂರುತ್ತಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಆವತ್ತು ಆಗಿದ್ದು ಇಷ್ಟು. ಅಣ್ಣ ಆಡುತ್ತಿದ್ದ ಯೋಧನ ಹಿಟ್ ಪಾಯಿಂಟ್, ಅಂದರೆ ಏಟು ತಡೆಯುವ ಶಕ್ತಿಯ ಲೆಕ್ಕ, ಸೊನ್ನೆಯಾಗಿ ಪ್ರಜ್ಞೆ ತಪ್ಪಿ ಬಿದ್ದ. ಹಾಗೆ ಬಿದ್ದವರು ತಮ್ಮ ಸರದಿ ಬಂದಾಗಲೆಲ್ಲ ಡೈಸ್ ಹಾಕಬೇಕು. 10 ಅಥವಾ ಜಾಸ್ತಿ ಬಿದ್ದರೆ ಪಾಸ್, ಕಮ್ಮಿ ಬಿದ್ದರೆ ಫೇಲ್, ಮೂರು ಫೇಲ್ ಆದರೆ ಸಾವು. ಪಕ್ಕದಲ್ಲೇ ಒಂದು ಓಗರ್ (ದೈತ್ಯ ರಾಕ್ಷಸ) ಇತ್ತು, ಅದು ಬಿದ್ದವನಿಗೇ ಹೊಡೆಯಿತು. ಪ್ರಜ್ಞೆ ಇಲ್ಲದವನಿಗೆ ಹತ್ತಿರದಿಂದ ಏಟು ಬಿದ್ದರೆ ಅದು ಕ್ರಿಟಿಕಲ್, ಒಂದೇ ಏಟಿಗೆ ಎರಡು ಫೇಲ್. ಮುಂದಿನ ಸರದಿ ಗುಂಪಿನ ಒಬ್ಬ ಗೆಳತಿಯದು. ಅವಳು ಆಗಲೇ ಕತ್ತಿ ಬೀಸಿ ತನ್ನ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸ, ಮುಗಿಸಿದ್ದಳು, ಬೋನಸ್ ಆಕ್ಷನ್‌ನಲ್ಲಿ (ಅದರ ಜೊತೆಗೆ ಮಾಡಬಹುದಾದ ಸಣ್ಣ ಕೆಲಸ) ಅವನಿಗೆ ಪೋಷನ್, ಅಂದರೆ ಗಾಯ ಮಾಯಿಸುವ ಮದ್ದು, ಕುಡಿಸುತ್ತೇನೆ ಅಂದಳು. ವಿನಯ ಆಗಲ್ಲ ಅಂದ. ಅಣ್ಣ ಡೈಸ್ ಹಾಕಿದ, 6 ಬಿತ್ತು. ಮೂರನೇ ಫೇಲ್, ಯೋಧ ಸತ್ತ. ಗುಂಪು ಇನ್ನೂ 4ನೇ ಲೆವೆಲ್‌ನಲ್ಲಿತ್ತು, ಸತ್ತವರನ್ನು ಎಬ್ಬಿಸುವ ಮಂತ್ರ ಯಾರ ಹತ್ತಿರವೂ ಇರಲಿಲ್ಲ.

ಅಣ್ಣ ಮೊಬೈಲ್ ಎತ್ತಿ ತೋರಿಸಿದ: "ಇಲ್ಲೇ ಬರದೈತಲ್ಲೋ, ಬೋನಸ್ ಆಕ್ಷನ್ ಅಂತ!" ವಿನಯ ತನ್ನ ಪುಸ್ತಕ ತೋರಿಸಿದ. ಇಬ್ಬರದೂ ಸರಿಯೇ. 2014ರ ರೂಲ್‌ನಲ್ಲಿ ಪೋಷನ್ ಕುಡಿಸಲು ಪೂರ್ತಿ ಆಕ್ಷನ್ ಬೇಕು, 2024ರಲ್ಲಿ ಬಂದ ಹೊಸ ರೂಲ್‌ನಲ್ಲಿ ಬೋನಸ್ ಆಕ್ಷನ್ ಸಾಕು. ಧಾರವಾಡದವರಿಗೆ ಬಸ್ಸಿನ ಅವಸರ. ವಿನಯ ಪುಸ್ತಕ ಮುಚ್ಚಿ, "ನಾನ ಡಿಎಂ, ಮುಗೀತು" ಅಂದ. ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಸ್ಕ್ರೀನ್‌ಶಾಟ್‌ಗಳು ಹಾರಾಡಿದವು, ಬೆಳಗಾಗುವಷ್ಟರಲ್ಲಿ ಅಣ್ಣ ಗುಂಪು ಬಿಟ್ಟಿದ್ದ.

"ನಾನು ಪುಸ್ತಕದ ಪ್ರಕಾರನ ಹೇಳೀನ್ರೀ" ಅಂತ ವಿನಯ ನನ್ನೆದುರು ಮತ್ತೆ ಮತ್ತೆ ಹೇಳಿದ. ಅದಕ್ಕೆ ನಾನು ಕೇಳಿದೆ, ಇದಕ್ಕೂ ಮುಂಚೆ ಪೋಷನ್ ವಿಷಯ ಬಂದಾಗ ಏನು ಮಾಡಿದ್ದಿರಿ? ಸುಮ್ಮನಾದ. ಬಂದಿತ್ತಂತೆ. ಅಣ್ಣ ಕೇಳಿದಾಗ ಬೋನಸ್ ಆಕ್ಷನ್‌ಗೇ ಬಿಟ್ಟಿದ್ದನಂತೆ. ಬೇರೆ ರೂಲ್‌ಗಳಲ್ಲೂ ಹಾಗೇ, ಅಣ್ಣ ದನಿ ಏರಿಸಿದರೆ ಇವನು ಹೂಂ ಅನ್ನುತ್ತಿದ್ದ, ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು, ಒಬ್ಬಳು ಬಾಯಿಬಿಟ್ಟು ಬೈದೂ ಇದ್ದಳು. ಆ ಬೈಗುಳದ ಸಿಟ್ಟು ಎಲ್ಲ ಬಿಟ್ಟು ಆ ಯೋಧನ ಮೇಲೆ ಬಂದು ಬಿತ್ತು.

ಅಣ್ಣನನ್ನೂ ಕರೆಸಿದೆ, ಮೊದಲು ಬೇರೆಯಾಗಿ. ಅವನು ಹೇಳಿದ್ದು ನನಗೆ ಮುಖ್ಯ ಅನ್ನಿಸಿತು: "ಸತ್ತಿದ್ದಕ್ಕ ಸಿಟ್ಟಿಲ್ರೀ ಮೇಡಂ. ಇಷ್ಟು ದಿನ ಹೂಂ ಅಂದಾಂವ, ಎಲ್ಲಾರ ಮುಂದ ಪುಸ್ತಕ ಮುಚ್ಚಿಬಿಟ್ಟ." ತಾನು ದನಿ ಏರಿಸುತ್ತಿದ್ದೆ ಅನ್ನುವುದೇ ಅವನ ಗಮನಕ್ಕೆ ಬಂದಿರಲಿಲ್ಲ. ವಿನಯ ಒಪ್ಪಿಯೇ ಬಿಡುತ್ತಿದ್ದಾನೆ ಅಂದುಕೊಂಡಿದ್ದ.

ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇರೆ ಗುಂಪುಗಳಿಗೂ ಬೇಕಾಗಬಹುದು.

ಪುಸ್ತಕದಲ್ಲಿ ಏನೇ ಇರಲಿ, ಡಿಎಂ ಒಮ್ಮೆ ಬಿಟ್ಟುಕೊಟ್ಟಿದ್ದನ್ನು ಆಡುವವರು ರೂಲ್ ಅಂತಲೇ ಹಿಡಿಯುತ್ತಾರೆ. ಹಾಗಾಗಿ ಪುಸ್ತಕ ಬಿಟ್ಟು ನಡೆದರೆ ಆವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಅದು ಎಲ್ಲರಿಗೂ ಅನ್ವಯ ಆಗಬೇಕು, ಓಗರ್‌ಗೂ ಸೇರಿ. ಯಾವ ವರ್ಷದ ಪುಸ್ತಕ ಅನ್ನುವುದನ್ನು ಆಟಕ್ಕೆ ಮುಂಚೆ, ಡೈಸ್ ಹೊರಗೆ ತೆಗೆಯದೆ, ಚಹಾ ಕುಡಿಯುತ್ತಾ ಮಾತಾಡಿ ಮುಗಿಸಿ. ಈ ಕೂಟಕ್ಕೆ ಸೆಷನ್ ಜೀರೋ ಅಂತಲೇ ಹೆಸರಿದೆ, ಇವರು ಅದನ್ನು ಮಾಡಿರಲೇ ಇಲ್ಲ.

ಆಟದ ಮಧ್ಯೆ ತಕರಾರು ಬಂದರೆ ಎರಡೂ ಕಡೆಯವರು ಒಂದೊಂದು ಸಲ ಹೇಳಲಿ, ಡಿಎಂ ತೀರ್ಮಾನ ಮಾಡಲಿ, ಆ ರಾತ್ರಿಗೆ ಅದೇ ನಡೆಯಲಿ. ಪುಸ್ತಕ ಹುಡುಕುವುದು ಆಮೇಲೆ. ತಪ್ಪು ಅಂತ ಗೊತ್ತಾದರೆ ಮುಂದಿನ ವಾರದಿಂದ ಬದಲಾಯಿಸಿ.

ಆದರೆ ಪಾತ್ರದ ಸಾವಿಗೆ ಇದನ್ನು ಹಚ್ಚಬೇಡಿ. ವಾಪಸ್ ತರಲಾಗದ ತೀರ್ಮಾನವನ್ನು ಬಸ್ಸಿನ ಅವಸರದಲ್ಲಿ, ಸಿಟ್ಟಿನಲ್ಲಿ ಮಾಡಬಾರದು. ಅಲ್ಲಿಗೆ ಆಟ ನಿಲ್ಲಿಸಿ, ಮುಂದಿನ ಭಾನುವಾರ ನೋಡೋಣ ಅನ್ನಿ. ಇನ್ನೊಂದು, ಡೈಸ್ ಹಾಕುವ ಮುಂಚೆಯೇ ಗಂಡಾಂತರ ಏನು ಅಂತ ಹೇಳಿಬಿಡಿ: "ಈ ಏಟು ಬಿದ್ದರೆ ಎರಡು ಫೇಲ್, ಎಲ್ಲರಿಗೂ ಗೊತ್ತಲ್ವಾ?" ಬಿದ್ದ ಮೇಲೆ ರೂಲ್ ಹೇಳಿದರೆ ಅದು ಎಷ್ಟೇ ಸರಿ ಇದ್ದರೂ ಮೋಸದ ಹಾಗೆ ಕೇಳಿಸುತ್ತೆ.

ಅಣ್ಣನಿಗೆ ಬೇರೆಯಾಗಿ ಹೇಳಿದೆ. ತಕರಾರಿದ್ದರೆ ಮರುದಿನ ವಿನಯನಿಗೇ ಫೋನ್ ಮಾಡಿ, ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕಬೇಡಿ. ನೀವು ಹಿರಿಯರು, ನಿಮ್ಮ ಒಂದು ಮಾತು ಅಲ್ಲಿ ಬೇರೆಯವರ ನಾಲ್ಕು ಮಾತಿನಷ್ಟು ತೂಗುತ್ತೆ.

ಯೋಧನ ವಿಷಯ ನಾನು ತೀರ್ಮಾನಿಸಲಿಲ್ಲ, ಗುಂಪಿಗೇ ಬಿಟ್ಟೆ. ಮೊದಲು ಬಿಟ್ಟುಕೊಟ್ಟಿದ್ದು ನಿಜ ಅಂತ ಒಪ್ಪಿ, ಪೋಷನ್ ಕುಡಿಸಿದ ಕ್ಷಣದಿಂದ ಆಟ ಮತ್ತೆ ಶುರು ಮಾಡಿದರು. ಅದರಿಂದ ವಾಪಸ್ ಬರುವುದು ನಾಲ್ಕು ಮುಖದ ಎರಡು ಡೈಸ್ ಹಾಕಿದಾಗ ಬಿದ್ದಷ್ಟು, ಮೇಲೆ 2 ಹಿಟ್ ಪಾಯಿಂಟ್ ಅಷ್ಟೇ, ಓಗರ್‌ನ ಒಂದೇ ಏಟಿಗೆ ಹೋಗಿಬಿಡಬಹುದು. ಹಾಗೇ ಆಯಿತು, ಯೋಧ ಮತ್ತೆ ಬಿದ್ದ. ಈ ಸಲ ವಿನಯ ಮೊದಲೇ ಗಂಡಾಂತರ ಹೇಳಿ ಕೇಳಿದ, ಅಣ್ಣ "ಹಾಕು" ಅಂದ.

ವಿನಯನಿಗೆ ಈಗ ನಿದ್ದೆ ಬರುತ್ತಿದೆ. ಆಫೀಸಿನಲ್ಲಿ ಅಣ್ಣನಿಗೆ "ಆಗಲ್ಲ" ಅನ್ನುವುದು ಇನ್ನೂ ಕಷ್ಟವಂತೆ, ಅದಕ್ಕಾಗಿ ಬರುವುದನ್ನು ಮುಂದುವರಿಸಿದ್ದಾನೆ.