ಉತ್ತರ: ಗನ್‌ಶಿಪ್ ಗುಂಡು ಅರ್ಧ ಸುತ್ತಿನಲ್ಲಿ ಗುರಿ ತಪ್ಪುವುದೇಕೆ?
ವಿಮಾನ ಹಾರಿಸೋ ಸಿಮ್ಯುಲೇಟರ್ ಆಟದಲ್ಲಿ ಎಸಿ-47 (ಗುರಿಯ ಸುತ್ತ ತಿರುಗುತ್ತ ಪಕ್ಕದಿಂದ ನೆಲಕ್ಕೆ ಗುಂಡು ಹಾರಿಸೋ ಗನ್‌ಶಿಪ್ ವಿಮಾನ) ಅರ್ಧ ಸುತ್ತು ಸರಿಯಾಗಿ ಹೊಡೆದು, ಉಳಿದರ್ಧದಲ್ಲಿ ಗುರಿ ತಪ್ಪುತ್ತೆ ಅಂದಿದ್ದೀರಿ. ಬಹುಶಃ ಗಾಳಿಯ ಕಾಟ, ಗನ್‌ನ ತಪ್ಪಲ್ಲ. ಇದರ ಮೂರೂ 7.62 ಮಿ.ಮೀ. ಮಿನಿಗನ್‌ಗಳು (ಹಲವು ನಳಿಕೆಯ ಅತಿವೇಗದ ಮಷಿನ್‌ಗನ್) ಎಡಪಕ್ಕಕ್ಕೆ ಬಿಗಿದವು. ಗುರಿ ಹಿಡಿಯಬೇಕಂದ್ರೆ ವಿಮಾನವನ್ನೇ ವಾಲಿಸಬೇಕು.

ಮೊದಲು ಗಾಳಿ ಸೊನ್ನೆ ಮಾಡಿ, 3,000 ಅಡಿ ಎತ್ತರದಲ್ಲಿ 120 ನಾಟ್ ವೇಗಕ್ಕೆ ಎಡಕ್ಕೆ ಸುತ್ತಿ. ಟ್ರಿಗರ್ ಮುಟ್ಟಲೇಬೇಡಿ. ಎಡ ಕಿಟಕಿಯ ಸೈಟ್‌ನಲ್ಲಿ (ಗುರಿ ನೋಡೋ ಸಾಧನ) ಗುರಿ ಅಲುಗದೆ ನಿಲ್ಲೋವರೆಗೆ ವಾಲಿಕೆ ತಿದ್ದುತ್ತಿರಿ. ಆಮೇಲೆ ಗಾಳಿ ಹಾಕಿ: ಗಾಳಿ ಬೆನ್ನಿಗಿದ್ದಾಗ ಹೆಚ್ಚು ವಾಲಿಸಿ, ಎದುರಿಗಿದ್ದಾಗ ಕಡಿಮೆ. ರಡ್ಡರ್ (ಬಾಲದ ಚುಕ್ಕಾಣಿ) ತುಳಿದು ಗುರಿಗೆ ಎಳೆಯೋ ಚಟ ನನಗೂ ಇತ್ತು. ವಿಮಾನ ಪಕ್ಕಕ್ಕೆ ಜಾರಿ ಗುಂಡು ಇನ್ನೂ ಆಚೆ ಹೋಗುತ್ತೆ, ಬಿಟ್ಟುಬಿಡಿ. ಮೂರು ಸೆಕೆಂಡ್ ಒತ್ತಿದರೆ ಸಾಕು. ನಿಮಿಷಕ್ಕೆ 6,000 ಗುಂಡಿನ ಲೆಕ್ಕದಲ್ಲಿ ಗನ್‌ಗೆ 300 ಖಾಲಿ!

ಹಗಲಲ್ಲಿ ಪ್ರತಿ ಸಲ ನಿಮ್ಮ ವಿಮಾನ ಹೊಡೆದುರುಳಿಸ್ತಾರೆ ಅಂದಿರಲ್ಲ, ಅದಕ್ಕೆ ಸೆಟ್ಟಿಂಗ್ ಇಲ್ಲ. ಒಂದೇ ಕಡೆ ನಿಧಾನಕ್ಕೆ ಸುತ್ತೋ ವಿಮಾನ ಸುಲಭದ ತುತ್ತು. 1991ರ ಜನವರಿ 31ರಂದು ಕೊಲ್ಲಿ ಯುದ್ಧದ ವೇಳೆ ಸೌದಿ ಅರೇಬಿಯಾದ ಖಾಫ್ಜಿ ಕಾಳಗದಲ್ಲಿ ಬೆಳಕು ಹರಿದ ಮೇಲೂ ಅಲ್ಲೇ ಉಳಿದ ಎಸಿ-130 ಗನ್‌ಶಿಪ್ ಕ್ಷಿಪಣಿಗೆ ಸಿಕ್ಕಿ ಅದರಲ್ಲಿದ್ದ 14 ಮಂದಿಯೂ ಸತ್ತರು. ರಾತ್ರಿ ಮಿಷನ್ ಆರಿಸಿಕೊಳ್ಳಿ.